ಗೇರ್ ತಯಾರಿಸುವ ಬಗೆ: 28 ಹಲ್ಲಿನ ಒಂದು ಚಕ್ರವನ್ನು ಮುಂದಿಟ್ಟುಕೊಂಡು

ಗೇರ್ ತಯಾರಿಕೆ ಎಂದೊಡನೆ ಹಲ್ಲು ಕತ್ತರಿಸುವ ಯಂತ್ರವೇ ಕಣ್ಣ ಮುಂದೆ ಬರುತ್ತದೆ. ಆದರೆ ಮಧ್ಯಮ ಗಾತ್ರದ ಒಂದು ಗೇರ್ ಆ ಯಂತ್ರದ ಮೇಲೆ ಇರುವುದು ಕೆಲವೇ ನಿಮಿಷ. ಅದು ಸದ್ದಿಲ್ಲದೆ ತಿರುಗುವುದೋ ಕಿರುಗುಟ್ಟುವುದೋ ಎಂಬುದರ ಬಹುಪಾಲು ಅದಕ್ಕೆ ಮೊದಲು ಲೇತ್‌ನಲ್ಲಿ ಮತ್ತು ಅದರ ನಂತರ ಕುಲುಮೆಯಲ್ಲಿ ನಿರ್ಧಾರವಾಗುತ್ತದೆ. ಪ್ರತಿಯೊಂದು ಹಂತವೂ ಹಿಂದಿನ ಹಂತ ಬಿಟ್ಟುಕೊಟ್ಟ ಮೇಲ್ಮೈಯನ್ನು ಆಧಾರವಾಗಿ ಹಿಡಿದೇ ಕೆಲಸ ಮಾಡುವುದರಿಂದ, ಅಳತೆಗಳನ್ನು ಕೊನೆಯ ಹಂತದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ಯೋಜಿಸುವುದು ಈ ಕೆಲಸದ ಮೊದಲ ಶಿಸ್ತು.

ವಿವರಣೆ ಗಾಳಿಯಲ್ಲಿ ತೇಲದಿರಲೆಂದು ಇಲ್ಲಿ ಒಂದೇ ಗೇರನ್ನು ಮೊದಲಿಂದ ಕೊನೆಯವರೆಗೆ ಹಿಂಬಾಲಿಸಲಾಗಿದೆ: 3 ಮಾಡ್ಯೂಲ್, 28 ಹಲ್ಲು, 20 ಡಿಗ್ರಿ ಒತ್ತಡ ಕೋನ (ಹಲ್ಲು ಹಲ್ಲನ್ನು ತಳ್ಳುವ ದಿಕ್ಕಿನ ಓರೆ), 30 ಮಿ.ಮೀ. ಅಗಲ, 30 ಮಿ.ಮೀ. ಬೋರ್ (ಶಾಫ್ಟ್ ಕೂರುವ ನಡುರಂಧ್ರ) ಇರುವ ನೇರ ಹಲ್ಲಿನ ಸ್ಪರ್ ಗೇರ್. ಇದು 56 ಹಲ್ಲಿನ ಇನ್ನೊಂದು ಗೇರ್‌ನೊಂದಿಗೆ ಸೇರಿ ಓಡಬೇಕು.

ಮೊದಲು ಕಾಗದದ ಮೇಲೆ

ಎರಡು ಗೇರುಗಳು ಜಾರದೆ ಒಂದರ ಮೇಲೊಂದು ಉರುಳುತ್ತವೆ ಎಂದು ಭಾವಿಸುವ ಕಾಲ್ಪನಿಕ ವೃತ್ತವೇ ಪಿಚ್ ವೃತ್ತ. ಮಾಡ್ಯೂಲ್ ಎಂದರೆ ಅದರ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮಿ.ಮೀ. ಅಳತೆ. ಮಾಡ್ಯೂಲ್ ಮತ್ತು ಒತ್ತಡ ಕೋನ ಎರಡೂ ಒಂದೇ ಆಗಿರುವ ಗೇರುಗಳು ಮಾತ್ರ ಒಂದರೊಡನೊಂದು ಸರಿಯಾಗಿ ಕೂಡುತ್ತವೆ. ನಮ್ಮ ಗೇರ್‌ನ ಪಿಚ್ ವ್ಯಾಸ 3 × 28, ಅಂದರೆ 84 ಮಿ.ಮೀ. ಪಿಚ್ ವೃತ್ತದಿಂದ ಹೊರಕ್ಕೆ ಹಲ್ಲು ಒಂದು ಮಾಡ್ಯೂಲ್‌ನಷ್ಟು ಎದ್ದಿರುತ್ತದೆ, ಒಳಕ್ಕೆ ಒಂದೂಕಾಲು ಮಾಡ್ಯೂಲ್‌ನಷ್ಟು ಇಳಿದಿರುತ್ತದೆ. ಹೀಗಾಗಿ ಹೊರವ್ಯಾಸ 90 ಮಿ.ಮೀ., ಬುಡದ ವ್ಯಾಸ 76.5 ಮಿ.ಮೀ., ಹಲ್ಲಿನ ಪೂರ್ಣ ಆಳ 6.75 ಮಿ.ಮೀ. ಜೊತೆಗಾರ ಗೇರ್‌ನ ಪಿಚ್ ವ್ಯಾಸ 168 ಮಿ.ಮೀ. ಆಗುವುದರಿಂದ ಎರಡು ಶಾಫ್ಟ್‌ಗಳ ನಡುವಿನ ಅಂತರ 126 ಮಿ.ಮೀ.

ಹಲ್ಲಿನ ಪಾರ್ಶ್ವದ ಬಾಗು ಸಾಮಾನ್ಯವಾಗಿ ಇನ್ವಾಲ್ಯೂಟ್ ಎಂಬ ವಕ್ರರೇಖೆ. ಉರುಳೆಯೊಂದಕ್ಕೆ ಸುತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತಾ ಹೋದರೆ ಅದರ ತುದಿ ಎಳೆಯುವ ಗೆರೆಯೇ ಇನ್ವಾಲ್ಯೂಟ್. ಗಣಿತಜ್ಞ ಆಯ್ಲರ್ 18ನೆಯ ಶತಮಾನದಲ್ಲಿಯೇ ಈ ರೇಖೆಯನ್ನು ಗೇರ್ ಹಲ್ಲಿಗೆ ಸೂಚಿಸಿದ್ದ. ಕಾರ್ಖಾನೆಯವರಿಗೆ ಇದರಿಂದ ಎರಡು ಲಾಭಗಳಿವೆ. ಶಾಫ್ಟ್‌ಗಳ ಅಂತರ ತುಸು ಹೆಚ್ಚುಕಡಿಮೆಯಾದರೂ ವೇಗದ ಅನುಪಾತ ಕೆಡುವುದಿಲ್ಲ ಎಂಬುದು ಒಂದು. ಇನ್ವಾಲ್ಯೂಟ್ ಗೇರ್‌ನೊಂದಿಗೆ ಕೂಡುವ, ನೇರ ಪಟ್ಟಿಯ ಮೇಲೆ ಹಲ್ಲಿರುವ ರ‍್ಯಾಕ್‌ನ ಹಲ್ಲಿನ ಬದಿಗಳು ನೆಟ್ಟಗಿನ ಸರಳ ರೇಖೆಗಳಾಗಿರುವುದರಿಂದ, ಕತ್ತರಿಸುವ ಉಪಕರಣವನ್ನು ತಯಾರಿಸುವುದೂ ಮತ್ತೆ ಸಾಣೆ ಹಿಡಿಯುವುದೂ ಸುಲಭವೆಂಬುದು ಇನ್ನೊಂದು. ಮುಂದೆ ವಿವರಿಸಲಿರುವ ಹಾಬಿಂಗ್ ಎಂಬ ಹಲ್ಲು ಕತ್ತರಿಸುವ ವಿಧಾನ ನಿಂತಿರುವುದೇ ಈ ಎರಡನೆಯ ಲಾಭದ ಮೇಲೆ.

ಹಲ್ಲುಗಳ ಸಂಖ್ಯೆ 17ಕ್ಕಿಂತ ಕಡಿಮೆಯಿದ್ದರೆ, 20 ಡಿಗ್ರಿ ಕೋನದಲ್ಲಿ, ಉಪಕರಣದ ತುದಿ ಹಲ್ಲಿನ ಬುಡವನ್ನು ಕೊರೆದು ಸಣ್ಣದಾಗಿಸುತ್ತದೆ. ಪಿನಿಯನ್ ಎಂಬ ಅಂಥ ಸಣ್ಣ ಗೇರ್‌ಗಳಿಗೆ ಉಪಕರಣವನ್ನು ಲೆಕ್ಕ ಹಾಕಿದಷ್ಟು ಹೊರಕ್ಕೆ ಸರಿಸಿ ಕತ್ತರಿಸಬೇಕಾಗುತ್ತದೆ. ನಮ್ಮ ಗೇರ್‌ಗೆ ಆ ತೊಂದರೆಯಿಲ್ಲ.

ಲೋಹದ ಆಯ್ಕೆ

ಭಾರ ಹೊತ್ತು ಬಹುಕಾಲ ಓಡಬೇಕಾದ ಗೇರ್‌ಗೆ ಹೊರಮೈ ಗಟ್ಟಿಯಾಗಿಯೂ ಒಳತಿರುಳು ಹೊಡೆತ ತಾಳುವಂತೆಯೂ ಇರಬೇಕು. ಇದಕ್ಕಾಗಿ 16 ಎಂಎನ್‌ಸಿಆರ್ 5, 20 ಎಂಎನ್‌ಸಿಆರ್ 5 ಮುಂತಾದ ಕೇಸ್ ಹಾರ್ಡನಿಂಗ್ ಉಕ್ಕುಗಳನ್ನು ಬಳಸುತ್ತಾರೆ. ಎರಡನೆಯದರಲ್ಲಿ ಇಂಗಾಲ ಶೇ. 0.2ರ ಆಸುಪಾಸಿನಲ್ಲಿರುತ್ತದೆ. ಅಷ್ಟು ಕಡಿಮೆ ಇಂಗಾಲದ ಉಕ್ಕು ಯಂತ್ರದಲ್ಲಿ ಸಲೀಸಾಗಿ ಕತ್ತರಿಸಲ್ಪಡುತ್ತದೆ. ಗಡಸುತನಕ್ಕೆ ಬೇಕಾದ ಇಂಗಾಲವನ್ನು ಆಮೇಲೆ ಕುಲುಮೆಯಲ್ಲಿ ಮೈಗೆ ಉಣಿಸುತ್ತಾರೆ. ಹಗುರವಾದ ಕೆಲಸಕ್ಕೆ ಸಿ 45ರಂಥ ಮಧ್ಯಮ ಇಂಗಾಲದ ಉಕ್ಕು ಸಾಕು. ಸ್ಕ್ರೂನಂಥ ವರ್ಮ್‌ನೊಡನೆ ಓಡುವ ವರ್ಮ್ ವೀಲ್‌ಗೆ ಫಾಸ್ಫರ್ ಬ್ರಾಂಜ್, ಸದ್ದು ಕಡಿಮೆಯಿರಬೇಕಾದ ಕಡೆ ನೈಲಾನ್, ನಿಧಾನವಾಗಿ ತಿರುಗುವ ದೊಡ್ಡ ಚಕ್ರಗಳಿಗೆ ಎರಕದ ಕಬ್ಬಿಣ ಸಲ್ಲುತ್ತವೆ.

ನಾವು 20 ಎಂಎನ್‌ಸಿಆರ್ 5 ಉಕ್ಕನ್ನು ಆರಿಸಿಕೊಂಡಿದ್ದೇವೆ ಎಂದಿಟ್ಟುಕೊಳ್ಳೋಣ. ಒಂದೆರಡು ಗೇರ್ ಮಾತ್ರ ಬೇಕಾದರೆ ದುಂಡು ಸರಳಿನಿಂದ ತುಂಡು ಕತ್ತರಿಸಿಕೊಳ್ಳಬಹುದು. ಸಾವಿರಗಟ್ಟಲೆ ಬೇಕಾದರೆ ಫೋರ್ಜಿಂಗ್ ಮಾಡಿಸುವುದು ಲೇಸು, ಏಕೆಂದರೆ ಬಡಿದು ಹರಡಿದ ಲೋಹದ ಎಳೆಗಳು ಹಲ್ಲಿನ ಬುಡದಲ್ಲಿ ಬಾಗುವ ಬಲವನ್ನು ಚೆನ್ನಾಗಿ ತಡೆಯುವಂತೆ ಸಾಗುತ್ತವೆ, ವ್ಯರ್ಥವಾಗುವ ಚೂರೂ ಕಡಿಮೆಯಾಗುತ್ತದೆ. ಫೋರ್ಜಿಂಗ್ ಆದ ತುಂಡುಗಳನ್ನು ನಾರ್ಮಲೈಸಿಂಗ್ (ಕಾಯಿಸಿ ಗಾಳಿಯಲ್ಲಿ ಆರಿಸುವುದು) ಮಾಡದೆ ಮುಂದಿನ ಹಂತಕ್ಕೆ ಒಯ್ಯಬಾರದು. ಒಳಗೆ ಉಳಿದ ಬಿಗುವು ಕುಲುಮೆಯಲ್ಲಿ ಗೇರನ್ನು ಹೇಗೆ ಬೇಕಾದರೂ ತಿರುಚಬಲ್ಲದು.

ಬ್ಲ್ಯಾಂಕ್: ಅವಸರ ಸಲ್ಲದ ಹಂತ

ಹಲ್ಲು ಕತ್ತರಿಸುವ ಮುನ್ನಿನ ದುಂಡು ಬಿಲ್ಲೆಯೇ ಬ್ಲ್ಯಾಂಕ್. ಇದನ್ನು ಲೇತ್‌ನಲ್ಲಿ ತಿರುವುವಾಗ ಬೋರ್ ಮತ್ತು ಅದಕ್ಕೆ ಲಂಬವಾಗಿರಬೇಕಾದ ಒಂದು ಮುಖ, ಇವೆರಡನ್ನೂ ಚಕ್ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಬೇಕು. ಇನ್ನೊಂದು ಮುಖವನ್ನು ಮೊದಲ ಮುಖಕ್ಕೆ ಸಮಾಂತರವಾಗಿ ತೆಗೆಯಬೇಕು. ಹೊರವ್ಯಾಸವನ್ನು ಬೋರ್‌ಗೆ ಕೂರಿಸಿದ ಮ್ಯಾಂಡ್ರೆಲ್ ಎಂಬ ದಂಡದ ಮೇಲೆ ತಿರುವಿದರೆ ಎರಡರ ಕೇಂದ್ರ ಒಂದೇ ಆಗಿರುತ್ತದೆ.

ಮುಖಗಳ ಸಮಾಂತರತೆಗೆ ಇಷ್ಟೇಕೆ ಒತ್ತು ಎಂದು ಕೆಲವರು ಕೇಳುತ್ತಾರೆ. ಹಾಬಿಂಗ್ ಯಂತ್ರದಲ್ಲಿ ಬ್ಲ್ಯಾಂಕ್‌ಗಳನ್ನು ಆರ್ಬರ್ ಎಂಬ ದಂಡಕ್ಕೆ ಪೋಣಿಸಿ ಮೇಲಿನಿಂದ ನಟ್ ಬಿಗಿಯುತ್ತಾರೆ. ಮುಖಗಳು ಓರೆಯಾಗಿದ್ದರೆ ನಟ್ ಬಿಗಿದಂತೆಲ್ಲ ಆರ್ಬರ್ ಬಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಹಲ್ಲು ಕೂಡ ಅಚ್ಚುಕಟ್ಟಾಗಿಯೇ ಬರುತ್ತದೆ. ನಟ್ ಸಡಿಲಿಸಿದೊಡನೆ ಆರ್ಬರ್ ನೆಟ್ಟಗಾಗುತ್ತದೆ, ಹಲ್ಲುಗಳು ಮಾತ್ರ ಬೋರ್‌ಗೆ ಓರೆಯಾಗಿ ಉಳಿದುಬಿಡುತ್ತವೆ. ಕೇಂದ್ರ ತಪ್ಪುವುದೂ ಇದೇ ಬಗೆಯದು: ಬೋರ್‌ನ ಕೇಂದ್ರ 0.02 ಮಿ.ಮೀ. ಸರಿದರೆ ಹಲ್ಲುಗಳ ರನ್‌ಔಟ್ (ಒಂದು ಸುತ್ತಿನಲ್ಲಿ ಆಗುವ ಒಟ್ಟು ಹೊಯ್ದಾಟ) ಅದರ ಇಮ್ಮಡಿ, ಅಂದರೆ 0.04 ಮಿ.ಮೀ. ಆಗುತ್ತದೆ.

ಈಗ ಹಿಮ್ಮುಖ ಲೆಕ್ಕದ ಮೊದಲ ಉದಾಹರಣೆ. ಸಿದ್ಧ ಗೇರ್‌ನ ಬೋರ್ 30 ಎಚ್ 7 ಆಗಬೇಕು, ಅಂದರೆ 30.000ರಿಂದ 30.021 ಮಿ.ಮೀ. ಒಳಗಿರಬೇಕು. ಆದರೆ ಕುಲುಮೆಯಲ್ಲಿ ನಡೆಯುವ ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಬೋರ್ ಕುಗ್ಗಬಹುದು, ಹಿಗ್ಗಬಹುದು, ಅಂಡಾಕಾರವೂ ಆಗಬಹುದು. ಆದ್ದರಿಂದ ಗ್ರೈಂಡಿಂಗ್‌ಗೆಂದು ಕಾಲು ಮಿ.ಮೀ. ಬಿಟ್ಟು, ಸದ್ಯಕ್ಕೆ 29.75 ಮಿ.ಮೀ.ಗೆ ನಿಲ್ಲಿಸುತ್ತೇವೆ. ಈ ಅಳತೆ ತಾತ್ಕಾಲಿಕವೆಂದು ಟಾಲರೆನ್ಸನ್ನು (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆಯನ್ನು) ಸಡಿಲಬಿಡುವುದು ಸರಿಯಲ್ಲ; ಹಲ್ಲು ಕತ್ತರಿಸುವ ಯಂತ್ರಕ್ಕೆ ಆಧಾರವಾಗುವುದು ಇದೇ ಬೋರ್. ಕೀವೇಯನ್ನು (ಗೇರನ್ನು ಶಾಫ್ಟ್‌ಗೆ ಬಂಧಿಸುವ ಕೀಲಿ ಕೂರುವ ಸೀಳನ್ನು) ಲೋಹ ಮೆತ್ತಗಿರುವಾಗಲೇ ಬ್ರೋಚ್ (ಸಾಲು ಹಲ್ಲಿನ ಕತ್ತರಿಸುವ ಸರಳು) ಎಳೆದೋ ಸ್ಲಾಟಿಂಗ್ ಯಂತ್ರದಲ್ಲೋ ತೆಗೆಯಬೇಕು. ಕೀವೇಯ ಮೂಲೆಗೂ ಹಲ್ಲಿನ ಬುಡಕ್ಕೂ ನಡುವೆ ಕನಿಷ್ಠ ಎರಡು ಮಾಡ್ಯೂಲ್‌ನಷ್ಟು ಲೋಹ ಉಳಿದಿರಬೇಕು.

ಹಲ್ಲು ಕತ್ತರಿಸುವುದು: ಮಿಲ್ಲಿಂಗ್ ಯಂತ್ರದಲ್ಲಿ

ಒಂದೇ ಒಂದು ಗೇರ್ ಬೇಕಾಗಿ, ಹಾಬಿಂಗ್ ಯಂತ್ರ ಇಲ್ಲದಿದ್ದರೆ, ಮಿಲ್ಲಿಂಗ್ ಯಂತ್ರ ಮತ್ತು ಬ್ಲ್ಯಾಂಕನ್ನು ಸಮಪಾಲಾಗಿ ತಿರುಗಿಸಿ ನಿಲ್ಲಿಸುವ ಡಿವೈಡಿಂಗ್ ಹೆಡ್ ಸಾಕು. ಹಲ್ಲುಗಳ ನಡುವಿನ ಸಂದಿಯ ಆಕಾರವನ್ನೇ ಹೊಂದಿರುವ ಕಟರ್‌ನಿಂದ ಒಂದು ಸಂದಿ ಕತ್ತರಿಸಿ, ಬ್ಲ್ಯಾಂಕನ್ನು ಒಂದು ಹಲ್ಲಿನಷ್ಟು ತಿರುಗಿಸಿ, ಮತ್ತೆ ಕತ್ತರಿಸುತ್ತಾ ಹೋಗಬೇಕು. ಸಾಮಾನ್ಯ ಡಿವೈಡಿಂಗ್ ಹೆಡ್‌ನ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಸ್ಪಿಂಡಲ್ ಒಂದು ಸುತ್ತು ತಿರುಗುತ್ತದೆ. 40ನ್ನು 28ರಿಂದ ಭಾಗಿಸಿದರೆ ಒಂದು ಪೂರ್ಣ ಸುತ್ತು ಮತ್ತು ಏಳರಲ್ಲಿ ಮೂರು ಪಾಲು. ಹೆಡ್‌ನ ತಟ್ಟೆಯಲ್ಲಿ 21 ರಂಧ್ರಗಳ ವೃತ್ತವನ್ನು ಆರಿಸಿಕೊಂಡರೆ ಪ್ರತಿ ಹಲ್ಲಿಗೆ ಒಂದು ಸುತ್ತು ಮತ್ತು 9 ರಂಧ್ರ ಮುಂದೆ ಹೋಗಬೇಕು. ಪಿನ್ ಇರುವ ರಂಧ್ರವನ್ನು ಲೆಕ್ಕಕ್ಕೆ ಹಿಡಿಯಬಾರದು. ಹಿಡಿಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು. ರಂಧ್ರ ದಾಟಿಹೋದರೆ ಸಾಕಷ್ಟು ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಮಾತ್ರ ಒಳಗಿನ ಸಡಿಲ ಲೆಕ್ಕಕ್ಕೆ ಅಡ್ಡಬರುವುದಿಲ್ಲ.

ಈ ವಿಧಾನಕ್ಕೆ ಒಂದು ಮಿತಿಯಿದೆ. ಹಲ್ಲುಗಳ ಸಂಖ್ಯೆ ಬದಲಾದಂತೆ ಸಂದಿಯ ಆಕಾರವೂ ಬದಲಾಗುತ್ತದೆ, ಆದರೆ ಪ್ರತಿ ಸಂಖ್ಯೆಗೂ ಬೇರೆ ಕಟರ್ ಇಟ್ಟುಕೊಳ್ಳಲಾಗದು. ಆದ್ದರಿಂದ ಒಂದು ಮಾಡ್ಯೂಲ್‌ಗೆ 8 ಕಟರ್‌ಗಳ ಗುಂಪು ಬರುತ್ತದೆ. 26ರಿಂದ 34 ಹಲ್ಲುಗಳವರೆಗೆ ಒಂದೇ ಕಟರ್ ಬಳಸಬೇಕು. ಅದರ ಆಕಾರ 26 ಹಲ್ಲಿಗೆ ಸರಿಹೊಂದುವಂತಿರುತ್ತದೆ. 28ಕ್ಕೆ ಬಳಸಿದಾಗ ಸಣ್ಣ ವ್ಯತ್ಯಾಸ ಉಳಿದೇ ಉಳಿಯುತ್ತದೆ. ನಿಧಾನವಾಗಿ ತಿರುಗುವ, ದುರಸ್ತಿಗೆ ಬೇಕಾದ ಗೇರ್‌ಗೆ ಇದು ಧಾರಾಳವಾಗಿ ಸಾಕು. ವೇಗದ ಗೇರ್‌ಬಾಕ್ಸ್‌ಗೆ ಮಾತ್ರ ಈ ದಾರಿ ಹಿಡಿಯಬಾರದು.

ಹಾಬಿಂಗ್

ಹಾಬ್ ಎಂಬುದು ನೋಡಲು ದಪ್ಪ ವರ್ಮ್‌ನಂತಿರುವ ಉಪಕರಣ. ಅದರ ಸುರುಳಿಗೆ ಅಡ್ಡಲಾಗಿ ಕಾಲುವೆಗಳನ್ನು ಕೊರೆದು ಕತ್ತರಿಸುವ ಅಂಚುಗಳನ್ನು ಮಾಡಿರುತ್ತಾರೆ. ಹಾಬ್ ಮತ್ತು ಬ್ಲ್ಯಾಂಕ್ ಎರಡೂ ಒಟ್ಟಿಗೆ ತಿರುಗುತ್ತವೆ. ಒಂದೇ ಸುರುಳಿ ಎಳೆಯಿರುವ ಹಾಬ್ 28 ಸುತ್ತು ತಿರುಗಿದಾಗ ನಮ್ಮ ಬ್ಲ್ಯಾಂಕ್ ಒಂದು ಸುತ್ತು ತಿರುಗಬೇಕು. ಜೊತೆಗೆ ಹಾಬ್ ಮೆಲ್ಲಗೆ ಕೆಳಕ್ಕೆ ಸರಿಯುತ್ತದೆ. ಹಾಬ್‌ನ ನೇರ ಬದಿಯ ಹಲ್ಲುಗಳು ಒಂದಾದ ಮೇಲೊಂದು ಕೊಂಚ ಕೊಂಚವೇ ಬೇರೆ ಕೋನದಲ್ಲಿ ಲೋಹವನ್ನು ತೆಗೆಯುತ್ತಾ ಹೋಗಿ, ಇನ್ವಾಲ್ಯೂಟ್ ತಾನಾಗಿಯೇ ಮೂಡುತ್ತದೆ. ಒಂದೇ ಹಾಬ್‌ನಿಂದ ಅದೇ ಮಾಡ್ಯೂಲ್‌ನ 28 ಹಲ್ಲನ್ನೂ 56 ಹಲ್ಲನ್ನೂ ಕತ್ತರಿಸಬಹುದು, ಮತ್ತು ಎರಡರ ಆಕಾರವೂ ಕರಾರುವಾಕ್ಕಾಗಿರುತ್ತದೆ. ನೇರ ಹಲ್ಲನ್ನೂ ಓರೆ ಹಲ್ಲನ್ನೂ ಕತ್ತರಿಸಬಲ್ಲ ಇಂಥ ಯಂತ್ರಕ್ಕೆ ಜರ್ಮನಿಯ ಹರ್ಮನ್ ಫೌಟರ್ 1897ರಲ್ಲಿ ರೂಪ ಕೊಟ್ಟ.

ಕೆಲಸದ ಕ್ರಮ ಹೀಗೆ. ಆರ್ಬರನ್ನು ಯಂತ್ರದ ಮೇಜಿನ ಮೇಲೆ ಕೂರಿಸಿ, ಹೊಯ್ದಾಟ ತೋರಿಸುವ ಡಯಲ್ ಮಾಪಕ ಹಚ್ಚಿ, ಕೆಳಗೂ ಮೇಲೂ ಅದು ಕೆಲವೇ ಮೈಕ್ರಾನ್‌ಗಳೊಳಗೆ ಓಡುವಂತೆ ಮಾಡಿ. ಬ್ಲ್ಯಾಂಕ್ ಹಾಕುವ ಮುನ್ನ ಎರಡೂ ಮುಖಗಳನ್ನು ಒರೆಸಿ. ಸಂದಿಯಲ್ಲಿ ಸಿಕ್ಕಿಕೊಂಡ ಒಂದೇ ಒಂದು ಲೋಹದ ಚೂರು ಲೇತ್‌ನವನ ಶ್ರಮವನ್ನೆಲ್ಲ ಹಾಳುಮಾಡುತ್ತದೆ. ನೇರ ಹಲ್ಲಿಗಾದರೆ ಹಾಬ್ ತಲೆಯನ್ನು ಹಾಬ್‌ನ ಮೇಲೆ ಕೆತ್ತಿರುವ ಸುರುಳಿ ಕೋನದಷ್ಟು ಓರೆ ಮಾಡಬೇಕು. ಓರೆ ಹಲ್ಲಿಗಾದರೆ ಹಲ್ಲಿನ ಕೋನವನ್ನೂ ಲೆಕ್ಕಕ್ಕೆ ಸೇರಿಸಬೇಕು: ಹಾಬ್ ಮತ್ತು ಗೇರ್ ಒಂದೇ ಕೈಯವಾದರೆ (ಎರಡರ ಸುರುಳಿಯೂ ಒಂದೇ ಕಡೆಗೆ ಓರೆಯಾಗಿದ್ದರೆ) ಕಳೆಯಬೇಕು, ಬೇರೆ ಬೇರೆ ಕೈಯವಾದರೆ ಕೂಡಬೇಕು.

ಆಳಕ್ಕೆ ಇಳಿಯುವ ಮೊದಲು ಹಾಬನ್ನು ಬ್ಲ್ಯಾಂಕ್‌ನ ಹೊರಮೈಗೆ ಸೋಕಿದಂತೆ ಮಾಡಿ, ಒಂದು ಸುತ್ತು ಗೀರು ಬೀಳಲು ಬಿಡಿ. ಯಂತ್ರ ನಿಲ್ಲಿಸಿ, ಒಂದು ಗೀರಿನ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ, ಬೆರಳಿಟ್ಟು ಎಣಿಸಿ. 28 ಬಂದರೆ ಮುಂದುವರಿಯಬಹುದು. ಹಾಬ್ ಮತ್ತು ಬ್ಲ್ಯಾಂಕ್ ಸುತ್ತುಗಳ ಅನುಪಾತ ನಿಗದಿಪಡಿಸುವ ಚೇಂಜ್ ಗೇರ್ ತಪ್ಪಾಗಿ ಕೂತಿದ್ದರೆ 27 ಅಥವಾ 29 ಬರುತ್ತದೆ, ಇಲ್ಲವೇ ಮೊದಲ ಮತ್ತು ಕೊನೆಯ ಗೀರು ಒಂದರ ಮೇಲೊಂದು ಕೂರುವುದಿಲ್ಲ. ಸಂಖ್ಯಾ ನಿಯಂತ್ರಿತ ಯಂತ್ರದಲ್ಲಿ ಈ ಎಣಿಕೆ ಹಳೆಯ ಕಾಲದ್ದೆಂದು ನಗುವವರಿದ್ದಾರೆ. ಪರದೆಯ ಮೇಲೆ ಅಂಕಿ ತಪ್ಪಾಗಿ ಒತ್ತುವುದು ಚೇಂಜ್ ಗೇರ್ ತಪ್ಪಾಗಿ ಹಾಕುವುದಕ್ಕಿಂತಲೂ ಸುಲಭವೆಂಬುದನ್ನು ಅವರು ಮರೆಯುತ್ತಾರೆ.

80 ಮಿ.ಮೀ. ವ್ಯಾಸದ ಹೈಸ್ಪೀಡ್ ಸ್ಟೀಲ್ ಹಾಬನ್ನು ನಿಮಿಷಕ್ಕೆ 40 ಮೀಟರ್ ವೇಗದಲ್ಲಿ ಓಡಿಸಿದರೆ ಅದು ನಿಮಿಷಕ್ಕೆ ಸುಮಾರು 160 ಸುತ್ತು ತಿರುಗುತ್ತದೆ, ಬ್ಲ್ಯಾಂಕ್ ಸುಮಾರು 5.7 ಸುತ್ತು. ಬ್ಲ್ಯಾಂಕ್‌ನ ಒಂದು ಸುತ್ತಿಗೆ 2 ಮಿ.ಮೀ. ಫೀಡ್ ಕೊಟ್ಟರೆ (ಹಾಬ್ ಅಷ್ಟು ಕೆಳಕ್ಕೆ ಸರಿದರೆ), 30 ಮಿ.ಮೀ. ಅಗಲದ ಜೊತೆಗೆ ಪೂರ್ಣ ಆಳಕ್ಕೆ ಒಳಹೊಗಲು ಬೇಕಾದ ಸುಮಾರು 22 ಮಿ.ಮೀ. ಮತ್ತು ಹೊರಬರಲು ಒಂದೆರಡು ಸೇರಿ, ಒಂದು ಗೇರ್‌ಗೆ ಐದು ನಿಮಿಷ ಹಿಡಿಯುತ್ತದೆ. ಒಳಹೊಗುವ ಆ 22 ಮಿ.ಮೀ. ಪ್ರತಿ ಸಲವೂ ವ್ಯರ್ಥವೇ. ಮೂರು ಬ್ಲ್ಯಾಂಕ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಮೂರಕ್ಕೂ ಸೇರಿ ಅದು ಒಂದೇ ಬಾರಿ ಖರ್ಚಾಗಿ, ತಲಾ ಸಮಯ ಮೂರೂವರೆ ನಿಮಿಷದ ಹತ್ತಿರಕ್ಕೆ ಇಳಿಯುತ್ತದೆ. ಸಮಯ ಉಳಿಸಲು ಫೀಡನ್ನು ಇಮ್ಮಡಿ ಮಾಡುವವರು ಒಂದು ಮಾತನ್ನು ಗಮನಿಸಬೇಕು: 2 ಮಿ.ಮೀ. ಫೀಡ್‌ನಲ್ಲಿ ಹಲ್ಲಿನ ಪಾರ್ಶ್ವದಲ್ಲಿ ಉಳಿಯುವ ಅಲೆಗಳ ಎತ್ತರ ಸುಮಾರು 4 ಮೈಕ್ರಾನ್, 4 ಮಿ.ಮೀ. ಫೀಡ್‌ನಲ್ಲಿ ಅದು ನಾಲ್ಕು ಪಟ್ಟು.

ಆಳ ಸಾಕೋ ಬೇಕೋ ಎಂಬುದನ್ನು ಯಂತ್ರದ ಅಳತೆಪಟ್ಟಿ ನೋಡಿ ತೀರ್ಮಾನಿಸುವುದಕ್ಕಿಂತ, ಬಿಲ್ಲೆಯಾಕಾರದ ಬಾಯಿಯ ಮೈಕ್ರೋಮೀಟರ್‌ನಿಂದ ನಾಲ್ಕು ಹಲ್ಲುಗಳನ್ನು ಒಟ್ಟಿಗೆ ಹಿಡಿದು ಅಳೆಯುವುದು ಭರವಸೆಯ ದಾರಿ. ನಮ್ಮ ಗೇರ್‌ಗೆ ಈ ಅಳತೆ ಲೆಕ್ಕದ ಪ್ರಕಾರ 32.17 ಮಿ.ಮೀ. ಎಣ್ಣೆ ನಿಲ್ಲಲು ಮತ್ತು ಬಿಸಿಯಾದಾಗ ಹಿಗ್ಗಲು ಎಡೆ ಬೇಕಾದ್ದರಿಂದ ಕೊನೆಯ ಗುರಿಯನ್ನು 32.08 ಎಂದಿಡೋಣ. ಗ್ರೈಂಡಿಂಗ್‌ನಲ್ಲಿ ಪ್ರತಿ ಪಾರ್ಶ್ವದಿಂದ 0.12 ಮಿ.ಮೀ. ತೆಗೆಯಬೇಕೆಂದಿದ್ದರೆ, ಎರಡು ಪಾರ್ಶ್ವ ಸೇರಿ 0.24. ಹಾಗಾಗಿ ಹಾಬಿಂಗ್ 32.32ಕ್ಕೆ ನಿಲ್ಲಬೇಕು. ಮೊದಲ ಕತ್ತರಿಕೆಯ ಬಳಿಕ 32.66 ಬಂದಿತು ಎನ್ನಿ, ಇನ್ನೂ 0.34 ಇಳಿಯಬೇಕು. ಹಾಬ್ ಒಂದು ಮಿ.ಮೀ. ಒಳಗೆ ಹೋದರೆ ಈ ಅಳತೆ 0.684 ಮಿ.ಮೀ. ಕಡಿಮೆಯಾಗುತ್ತದೆ, ಆದ್ದರಿಂದ ಹಾಬನ್ನು ಇನ್ನೂ ಅರ್ಧ ಮಿ.ಮೀ. ಒಳಕ್ಕೆ ಕೊಡಬೇಕು. ಈ ಒಂದು ಗುಣಕವನ್ನು ಯಂತ್ರದ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಅಂದಾಜಿನ ಕತ್ತರಿಕೆಗಳು ತಪ್ಪುತ್ತವೆ. ಗ್ರೈಂಡಿಂಗ್ ಆಗಲಿರುವ ಗೇರ್‌ಗೆ ತುದಿಯಲ್ಲಿ ಸಣ್ಣ ಉಬ್ಬಿರುವ ಹಾಬ್ ಬಳಸಬೇಕು. ಅದು ಬುಡವನ್ನು ಮೊದಲೇ ತುಸು ತಗ್ಗಿಸಿಬಿಡುವುದರಿಂದ ಗ್ರೈಂಡಿಂಗ್ ಚಕ್ರ ಬುಡಕ್ಕೆ ತಾಗಿ ಮೆಟ್ಟಿಲು ಮೂಡಿಸುವುದಿಲ್ಲ. ಹಲ್ಲು ಮುರಿಯುವುದು ಸಾಮಾನ್ಯವಾಗಿ ಬುಡದ ಅಂಥ ಮೆಟ್ಟಿಲಿನಿಂದಲೇ.

ಹಾಬ್ ತಲುಪದ ಜಾಗಗಳಿಗೆ

ಒಳಹಲ್ಲಿನ ಗೇರ್‌ಗೆ, ಅಥವಾ ಹಲ್ಲಿನ ಪಕ್ಕದಲ್ಲೇ ದೊಡ್ಡ ಅಂಚು ಇರುವ ಜೋಡಿ ಗೇರ್‌ಗೆ ಹಾಬ್ ನುಗ್ಗಲಾರದು. ಅಲ್ಲಿ ಗೇರ್ ಶೇಪರ್ ಬೇಕು. ಗೇರ್‌ನ ಆಕಾರದ್ದೇ ಆದ ಕಟರ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತಾ, ಬ್ಲ್ಯಾಂಕ್‌ನೊಂದಿಗೆ ಉರುಳುತ್ತಾ ಹಲ್ಲು ಕೊರೆಯುತ್ತದೆ. ಅಮೆರಿಕದ ಎಡ್ವಿನ್ ಫೆಲೋಸ್ 1890ರ ದಶಕದಲ್ಲಿ ರೂಪಿಸಿದ ಈ ಯಂತ್ರ ಇಂದಿಗೂ ಕೆಲಸ ಕಳೆದುಕೊಂಡಿಲ್ಲ. ಸಣ್ಣ ಒಳಹಲ್ಲಿನ ಗೇರುಗಳು ಭಾರಿ ಸಂಖ್ಯೆಯಲ್ಲಿ ಬೇಕಾದರೆ ಬ್ರೋಚಿಂಗ್ ವೇಗವಾದದ್ದು, ಆದರೆ ಪ್ರತಿ ಅಳತೆಗೂ ದುಬಾರಿ ಬ್ರೋಚ್ ಬೇಕು. ಶಂಕುವಿನಾಕಾರದ ಬೆವೆಲ್ ಗೇರ್‌ಗಳಿಗೆ ಪ್ರತ್ಯೇಕ ಯಂತ್ರಗಳೇ ಇವೆ. ಪುಡಿಲೋಹವನ್ನು ಅಚ್ಚಿನಲ್ಲಿ ಒತ್ತಿ ಕಾಯಿಸುವುದು, ಪ್ಲಾಸ್ಟಿಕ್ಕನ್ನು ಅಚ್ಚಿಗೆ ಚುಚ್ಚುವುದು ಮುಂತಾದ ವಿಧಾನಗಳಲ್ಲಿ ಹಲ್ಲು ಕತ್ತರಿಸುವ ಹಂತವೇ ಇರುವುದಿಲ್ಲ.

ಅಂಚು ಬಿಡಿಸುವುದು

ಹಾಬ್ ಹೊರಬೀಳುವ ಬದಿಯಲ್ಲಿ ಹಲ್ಲಿನ ಅಂಚಿಗೆ ಬರ್, ಅಂದರೆ ಚೂಪಾದ ಲೋಹದ ಸಿಬಿರು, ನಿಂತಿರುತ್ತದೆ. ಅದನ್ನು ತೆಗೆದು ಅಂಚನ್ನು ತುಸು ಮೊಂಡು ಮಾಡಲೇಬೇಕು. ಚೂಪಾದ ಅಂಚು ಕುಲುಮೆಯಲ್ಲಿ ಎರಡೂ ಬದಿಯಿಂದ ಇಂಗಾಲ ಕುಡಿದು ಗಾಜಿನಂತೆ ಸಿಡಿಯುವ ಸ್ಥಿತಿಗೆ ಬರುತ್ತದೆ, ಗೇರ್‌ಬಾಕ್ಸ್ ಒಳಗೆ ಉದುರಿದ ಚೂರು ಉಳಿದ ಹಲ್ಲುಗಳನ್ನೂ ತಿನ್ನುತ್ತದೆ. ಗ್ರೈಂಡಿಂಗ್ ಮಾಡುವ ಉದ್ದೇಶ ಇಲ್ಲದಿದ್ದರೆ, ಹೀಟ್ ಟ್ರೀಟ್‌ಮೆಂಟ್‌ಗೆ ಮುನ್ನ ಶೇವಿಂಗ್ (ತೆಳುವಾಗಿ ಹೆರೆಯುವುದು) ಮಾಡಿ ಪಾರ್ಶ್ವಗಳನ್ನು ನಯಗೊಳಿಸುವುದು ಅಗ್ಗದ ದಾರಿ.

ಹೀಟ್ ಟ್ರೀಟ್‌ಮೆಂಟ್

ಗೇರನ್ನು ಇಂಗಾಲಭರಿತ ಅನಿಲವಿರುವ ಕುಲುಮೆಯಲ್ಲಿ 900ರಿಂದ 930 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟರೆ ಹೊರಪದರದ ಇಂಗಾಲ ಶೇ. 0.8ರ ಸುತ್ತಮುತ್ತ ಏರುತ್ತದೆ. ಆಮೇಲೆ ಎಣ್ಣೆಯಲ್ಲಿ ತಣಿಸಿ, 150ರಿಂದ 200 ಡಿಗ್ರಿಯಲ್ಲಿ ಟೆಂಪರಿಂಗ್ (ಹದಕ್ಕೆ ಮತ್ತೆ ಕಾಯಿಸುವುದು) ಮಾಡಿದರೆ ಮೈಯ ಗಡಸುತನ 58ರಿಂದ 62 ರಾಕ್‌ವೆಲ್ ಸಿ ಆಗುತ್ತದೆ. ಗಟ್ಟಿ ಪದರದ ಆಳ ಸಾಮಾನ್ಯವಾಗಿ ಮಾಡ್ಯೂಲ್‌ನ ಐದನೇ ಒಂದು ಭಾಗದಷ್ಟಿರಬೇಕು. ನಮ್ಮ ಗೇರ್‌ಗೆ 0.6 ಮಿ.ಮೀ. ಇಲ್ಲಿಯೂ ಹಿಮ್ಮುಖ ಲೆಕ್ಕವೇ: ಗ್ರೈಂಡಿಂಗ್‌ನಲ್ಲಿ 0.12 ಹೋಗುವುದರಿಂದ ಕುಲುಮೆಯವರಿಗೆ ಕನಿಷ್ಠ 0.75ರಿಂದ 0.8 ಮಿ.ಮೀ. ಎಂದು ಬರೆದು ಕೊಡಬೇಕು. ಬರಿದೇ 0.6 ಎಂದು ಬರೆದು ಕಳಿಸಿದರೆ ಅವರು ಅಷ್ಟನ್ನೇ ಮಾಡಿಕೊಡುತ್ತಾರೆ, ತಪ್ಪು ಅವರದಾಗುವುದಿಲ್ಲ.

ಗೇರುಗಳನ್ನು ಕುಲುಮೆಯಲ್ಲಿ ಒಂದರ ಮೇಲೊಂದು ರಾಶಿ ಹಾಕದೆ, ಎಲ್ಲ ಕಡೆಯಿಂದಲೂ ಅನಿಲ ಮತ್ತು ಎಣ್ಣೆ ಸಮನಾಗಿ ತಾಗುವಂತೆ ಜೋಡಿಸಬೇಕು. ಎಷ್ಟೇ ಎಚ್ಚರ ವಹಿಸಿದರೂ ಒಂದಿಷ್ಟು ತಿರುಚು ಇದ್ದೇ ಇರುತ್ತದೆ. ತಿರುಚು ಬಹಳ ಕಡಿಮೆ ಇರಬೇಕಾದರೆ 500ರಿಂದ 550 ಡಿಗ್ರಿಯಲ್ಲಿ ನಡೆಯುವ, ಮೈಗೆ ಸಾರಜನಕ ಉಣಿಸುವ ನೈಟ್ರೈಡಿಂಗ್ ಆರಿಸಬಹುದು, ಆದರೆ ಅದಕ್ಕೆ ತಕ್ಕ ಉಕ್ಕು ಬೇಕು ಮತ್ತು ಅದರ ಗಟ್ಟಿ ಪದರ ತೆಳುವಾದದ್ದು.

ಗ್ರೈಂಡಿಂಗ್

ಮೊದಲು ಬೋರ್, ಆಮೇಲೆ ಹಲ್ಲು. ಬೋರ್ ಗ್ರೈಂಡ್ ಮಾಡುವಾಗ ಗೇರನ್ನು ಹೊರವ್ಯಾಸದಲ್ಲಿ ಹಿಡಿಯಬಾರದು. ಹಲ್ಲಿನ ಸಂದಿಗಳಲ್ಲಿ ದುಂಡು ಪಿನ್‌ಗಳನ್ನಿಟ್ಟು, ಆ ಪಿನ್‌ಗಳ ಮೇಲೆ ಹಿಡಿಯುವ ಚಕ್ ಬಳಸಬೇಕು. ಇದುವರೆಗೆ ಬೋರ್ ಹಲ್ಲಿಗೆ ಆಧಾರವಾಗಿತ್ತು. ಈಗ ಹಲ್ಲು ಬೋರ್‌ಗೆ ಆಧಾರ. ಹೀಗೆ ಮಾಡದಿದ್ದರೆ ಹೊಸ ಬೋರ್‌ನ ಕೇಂದ್ರ ಹಲ್ಲುಗಳ ಕೇಂದ್ರದಿಂದ ಸರಿದು, ಹಲ್ಲು ಗ್ರೈಂಡ್ ಮಾಡುವಾಗ ಒಂದು ಪಕ್ಕದಲ್ಲಿ 0.05 ಮಿ.ಮೀ., ಎದುರು ಪಕ್ಕದಲ್ಲಿ 0.19 ಮಿ.ಮೀ. ಹೋಗುವಂಥ ಸ್ಥಿತಿ ಬರುತ್ತದೆ. ಗೇರ್ ಅಳತೆಗೆ ಸರಿಯಾಗಿಯೇ ಇರುತ್ತದೆ, ಆದರೆ ಒಂದು ಬದಿಯ ಗಟ್ಟಿ ಪದರ ತೆಳುವಾಗಿರುವುದು ಯಾರಿಗೂ ಕಾಣುವುದಿಲ್ಲ.

ಹಲ್ಲಿನ ಪಾರ್ಶ್ವಗಳನ್ನು ವರ್ಮ್ ಆಕಾರದ ಗ್ರೈಂಡಿಂಗ್ ಚಕ್ರದಿಂದಲೋ, ಸಂದಿಯ ಆಕಾರಕ್ಕೆ ತಿದ್ದಿದ ಚಕ್ರದಿಂದಲೋ ಗ್ರೈಂಡ್ ಮಾಡುತ್ತಾರೆ. ಮೊದಲನೆಯದು ವೇಗವಾದದ್ದು, ಎರಡನೆಯದು ದೊಡ್ಡ ಮಾಡ್ಯೂಲ್‌ಗಳಿಗೂ ಸಣ್ಣ ಸಂಖ್ಯೆಗೂ ಅನುಕೂಲ. ಚಕ್ರ ಮೊಂಡಾಗಿದ್ದರೆ ಅಥವಾ ಕೂಲಂಟ್ (ತಂಪುಗೊಳಿಸುವ ದ್ರವ) ಸರಿಯಾಗಿ ಬೀಳದಿದ್ದರೆ ಹಲ್ಲಿನ ಮೈ ಸುಟ್ಟು ಗಡಸುತನ ಕಳೆದುಕೊಳ್ಳುತ್ತದೆ. ಹೊಳೆಯುವ ಮೈ ನೋಡಿ ಇದನ್ನು ಪತ್ತೆಹಚ್ಚಲಾಗದು; ಆಲ್ಕೋಹಾಲ್ ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಅದ್ದಿದಾಗ ಸುಟ್ಟ ಜಾಗ ಕಪ್ಪಾಗಿ ಕಾಣುತ್ತದೆ.

ತಪಾಸಣೆ ಮತ್ತು ಜೋಡಣೆ

ನಾಲ್ಕು ಹಲ್ಲುಗಳ ಅಳತೆ ಸುತ್ತಲೂ 32.08ರ ಆಸುಪಾಸಿನಲ್ಲಿ ಬರುತ್ತಿದೆಯೇ ಎಂದು ನೋಡುವುದು ಮೊದಲ ಕೆಲಸ. ಇದು ಹಲ್ಲಿನ ದಪ್ಪವನ್ನು ಮಾತ್ರ ಹೇಳುತ್ತದೆ. ಬೋರ್‌ನ ಕೇಂದ್ರ ತಪ್ಪಿದ್ದರೂ ಈ ಅಳತೆ ಬದಲಾಗುವುದಿಲ್ಲ. ಆದ್ದರಿಂದ ಗೇರನ್ನು ಮ್ಯಾಂಡ್ರೆಲ್ ಮೇಲೆ ಕೂರಿಸಿ, ಪ್ರತಿ ಸಂದಿಯಲ್ಲೂ ಒಂದು ದುಂಡು ಪಿನ್ ಇಟ್ಟು, ಡಯಲ್‌ನಿಂದ ರನ್‌ಔಟ್ ಪ್ರತ್ಯೇಕವಾಗಿ ನೋಡಬೇಕು. ಪಿಚ್ (ಹಲ್ಲಿನಿಂದ ಹಲ್ಲಿಗಿರುವ ದೂರ), ಹಲ್ಲಿನ ಆಕಾರ ಮತ್ತು ಹಲ್ಲಿನ ಉದ್ದಕ್ಕೂ ಇರುವ ನೇರ, ಈ ಮೂರನ್ನು ಗೇರ್ ಪರೀಕ್ಷಾ ಯಂತ್ರ ದಾಖಲಿಸಿಕೊಡುತ್ತದೆ. ಐಎಸ್‌ಒ 1328 ಮಾನದಂಡದಲ್ಲಿ ದರ್ಜೆಯ ಅಂಕಿ ಸಣ್ಣದಾದಷ್ಟೂ ನಿಖರತೆ ಹೆಚ್ಚು. ಅಗತ್ಯಕ್ಕಿಂತ ಒಂದು ದರ್ಜೆ ಹೆಚ್ಚಿನ ನಿಖರತೆಯನ್ನು ಡ್ರಾಯಿಂಗ್‌ನಲ್ಲಿ ಬರೆಯುವ ಚಾಳಿ ಕೆಲವರಿಗಿದೆ. ಅದರಿಂದ ಖರ್ಚು ಏರುತ್ತದೆಯೇ ಹೊರತು ಗೇರ್‌ನ ಆಯುಸ್ಸು ಅಷ್ಟೇನೂ ಏರುವುದಿಲ್ಲ.

ಕೊನೆಗೆ, ಜೊತೆಗಾರ ಗೇರ್‌ನ ಹಲ್ಲುಗಳಿಗೆ ತೆಳುವಾಗಿ ನೀಲಿ ಬಳಿದು, ಎರಡನ್ನೂ 126 ಮಿ.ಮೀ. ಅಂತರದ ಶಾಫ್ಟ್‌ಗಳಿಗೆ ಕೂರಿಸಿ, ಕೈಯಿಂದ ತಿರುಗಿಸಿ. ನೀಲಿ ಗುರುತು ಹಲ್ಲಿನ ನಡುಭಾಗದಲ್ಲಿ ಅಗಲವಾಗಿ ಬಿದ್ದರೆ ಜೋಡಿ ಒಪ್ಪಿತವಾಗಿದೆ. ಗುರುತು ಎಲ್ಲ ಹಲ್ಲುಗಳಲ್ಲೂ ಒಂದೇ ತುದಿಯಲ್ಲಿ ಬಿದ್ದರೆ ಶಾಫ್ಟ್‌ಗಳು ಸಮಾಂತರವಾಗಿಲ್ಲ, ಇಲ್ಲವೇ ಹಲ್ಲಿನ ನೇರವೇ ತಪ್ಪಿದೆ. ಗೇರ್ ತಿರುಗಿದಂತೆ ಗುರುತು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಬರುತ್ತಿದ್ದರೆ ಹಲ್ಲುಗಳು ಬೋರ್‌ಗೆ ಓರೆಯಾಗಿವೆ, ಅಂದರೆ ಕತ್ತರಿಸುವಾಗಲೋ ಗ್ರೈಂಡ್ ಮಾಡುವಾಗಲೋ ಗೇರ್ ಆರ್ಬರ್ ಮೇಲೆ ನೆಟ್ಟಗೆ ಕೂತಿರಲಿಲ್ಲ. ಒಪ್ಪಿತವಾದ ಗೇರ್‌ಗಳನ್ನು ತೊಳೆದು, ಬರಿಗೈಯಿಂದ ಹಲ್ಲನ್ನು ಮುಟ್ಟದೆ, ತುಕ್ಕು ತಡೆಯುವ ಎಣ್ಣೆ ಹಚ್ಚಿ, ಹಲ್ಲಿಗೆ ಹಲ್ಲು ತಾಗದಂತೆ ಒಂದೊಂದನ್ನೂ ಬೇರೆಬೇರೆಯಾಗಿ ಕಾಗದದಲ್ಲಿ ಸುತ್ತಿಡಬೇಕು.